ಸೊಕ್ಕೆಯ ಧೂಳಿನಲ್ಲಿ ಮೈಸೂರಿನ ಯೆಜ್ಡಿ

ತಯಾರಿಕೆ ನಿಂತು ದಶಕಗಳಾದ ಬೈಕನ್ನು ಮನೆಯಲ್ಲೇ ಬಿಚ್ಚಿ, ತೊಳೆದು, ಜೋಡಿಸಿ ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವ ಹವ್ಯಾಸಕ್ಕೆ ಹೊರದೇಶಗಳಲ್ಲಿ ಇಟಲಿಯ ಡುಕಾಟಿ, ಮೋಟೊ ಗುಜ್ಜಿಗಳಂಥ ವೇಗದ ಬೈಕುಗಳು ಹೆಸರಾಗಿದ್ದರೆ, ಕರ್ನಾಟಕದಲ್ಲಿ ಆ ಸ್ಥಾನ ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಹೊರಬಂದ ಜಾವಾ ಮತ್ತು ಯೆಜ್ಡಿಗಳಿಗೆ ಸಲ್ಲುತ್ತದೆ. ಇರಾನಿ ಮನೆತನದವರು ಸ್ಥಾಪಿಸಿದ ಐಡಿಯಲ್ ಜಾವಾ ಕಂಪನಿಯ ಆ ಕಾರ್ಖಾನೆಯನ್ನು 1961ರಲ್ಲಿ, ಆಗಿನ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. ಚೆಕೊಸ್ಲೊವಾಕಿಯಾದ ಮೂಲ ಕಂಪನಿಯ ಪರವಾನಗಿಯಲ್ಲಿ ಮೊದಲು ಜಾವಾ ಎಂಬ ಹೆಸರಿನಲ್ಲೇ ತಯಾರಾಗುತ್ತಿದ್ದ ಬೈಕು 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಪಡೆಯಿತು. ಅದೇ ದಶಕದ ಕೊನೆಯಲ್ಲಿ ಬಂದ ರೋಡ್‌ಕಿಂಗ್ ಮಾದರಿಯು 16 ಅಶ್ವಶಕ್ತಿಯ ಎಂಜಿನ್ನಿನಿಂದ ಆ ಕಾಲದ ಯುವಕರ ವೇಗದ ಆಸೆಯನ್ನು ಪೂರೈಸಿತು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100ರಂಥ, ಕಡಿಮೆ ಪೆಟ್ರೋಲ್ ಕುಡಿಯುವ ಬೈಕುಗಳ ಪೈಪೋಟಿ ಒಂದು ಕಡೆಯಿಂದ, 1991ರಿಂದ ಹಂತಹಂತವಾಗಿ ಬಿಗಿಯಾದ ಹೊಗೆಯ ನಿಯಮಗಳು ಇನ್ನೊಂದು ಕಡೆಯಿಂದ ಒತ್ತಿದ ಕಾಲದಲ್ಲಿ, 1996ರಲ್ಲಿ ಕಾರ್ಖಾನೆ ಮುಚ್ಚಿತು. ಹೀಗೆ ಆ ಕಾರ್ಖಾನೆಯಿಂದ ಬಂದು ಈಗ ಓಡುತ್ತಿರುವ ಅತಿ ಕಿರಿಯ ಯೆಜ್ಡಿಗೂ ಮೂವತ್ತರ ಸುಮಾರಿನ ವಯಸ್ಸಾಗಿದೆ.

ಇಂಥ ಬೈಕನ್ನು ಮನೆಯಲ್ಲೇ ನೋಡಿಕೊಳ್ಳಲು ಸಾಧ್ಯವಾಗುವುದಕ್ಕೆ ಅದರ ರಚನೆಯ ಸರಳತೆಯೇ ಕಾರಣ. ಹಳೆಯ ಡುಕಾಟಿಯಲ್ಲಿ ವಾಲ್ವನ್ನು, ಅಂದರೆ ಗಾಳಿ ಒಳಬರುವ ಮತ್ತು ಹೊಗೆ ಹೊರಹೋಗುವ ಬಾಗಿಲನ್ನು, ಮುಚ್ಚಲು ಸ್ಪ್ರಿಂಗನ್ನು ನೆಚ್ಚದೆ ಇನ್ನೊಂದು ಸನ್ನೆಗೋಲನ್ನೇ ಇಟ್ಟಿರುವುದರಿಂದ, ತೆರೆಯುವ ಕೋಲು ಮುಚ್ಚುವ ಕೋಲು ಎರಡರ ಅಂತರವನ್ನೂ ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಹೊಂದಿಸಬೇಕಾಗುತ್ತದೆ. ವಾಲ್ವುಗಳನ್ನು ನಡೆಸುವ ಹಲ್ಲಿನ ಬೆಲ್ಟುಳ್ಳ ಮಾದರಿಗಳಲ್ಲಿ ಬೈಕು ಓಡಲಿ ಓಡದಿರಲಿ ಬೆಲ್ಟನ್ನು ಕಾಲಕಾಲಕ್ಕೆ ಬದಲಿಸಲೇಬೇಕು. ಯೆಜ್ಡಿಯ 250 ಸಿಸಿ ಎಂಜಿನ್ನಿನಲ್ಲಿ ವಾಲ್ವೇ ಇಲ್ಲ. ಅದು ಟೂ ಸ್ಟ್ರೋಕ್ ಎಂಜಿನ್ನು. ಎಂದರೆ ಪಿಸ್ಟನ್ ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುವಷ್ಟರಲ್ಲಿ ಸೇದುವುದು, ಒತ್ತುವುದು, ಉರಿಸುವುದು, ಹೊಗೆ ಬಿಡುವುದು ಎಲ್ಲವೂ ಮುಗಿಯುತ್ತವೆ, ಬೋರಿನ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಕೊಳವೆಯ, ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಸಿಲಿಂಡರ್ ಒಂದೇ ಆದರೂ ಹೊಗೆಗೆ ಎರಡು ಕಿಂಡಿ, ಎರಡು ಸೈಲೆನ್ಸರ್ ಇರುವುದು ಇದರ ವಿಶೇಷ. ಗೇರ್ ಹಾಕುವ ಕೋಲನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುವುದು ಇನ್ನೊಂದು.

ಆದರೆ ಈ ಸರಳತೆಗೆ ಬೆಲೆಯೂ ಇದೆ, ಅದನ್ನು ಜಗಳೂರು ತಾಲ್ಲೂಕಿನ ಸೊಕ್ಕೆಯಂಥ ಬಯಲುಸೀಮೆಯ ಊರಿನಲ್ಲಿ ಬೈಕು ಇಟ್ಟುಕೊಂಡವರು ಮೊದಲು ತಿಳಿಯಬೇಕು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಹೊರಗಿನ ಗಾಳಿ ನೇರವಾಗಿ ಪಿಸ್ಟನ್ನಿನ ತಲೆಯ ಮೇಲಕ್ಕೆ ಹೋದರೆ, ಟೂ ಸ್ಟ್ರೋಕಿನಲ್ಲಿ ಅದು ಮೊದಲು ಕೆಳಗಿನ ಕ್ರ್ಯಾಂಕ್ ಕೋಣೆಗೆ ಇಳಿದು, ಅಲ್ಲಿ ತಿರುಗುವ ಬೇರಿಂಗುಗಳನ್ನೂ ಕನೆಕ್ಟಿಂಗ್ ರಾಡಿನ ಬುಡವನ್ನೂ ಸವರಿಕೊಂಡು, ಆಮೇಲೆ ಮೇಲೇರುತ್ತದೆ. ಆ ಬೇರಿಂಗುಗಳಿಗೆ ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯ ತುಂತುರೊಂದೇ ಆಧಾರ. ಆದ್ದರಿಂದ ಗಾಳಿಯ ಜತೆ ಒಳಬಂದ ಧೂಳು ಎಣ್ಣೆಯಲ್ಲಿ ಕಲಸಿಕೊಂಡು ಅರೆಯುವ ಕಲ್ಲಿನ ಕೆಲಸ ಮಾಡುತ್ತದೆ, ಬೋರನ್ನು ಮಾತ್ರವಲ್ಲದೆ ಎಂಜಿನ್ನಿನ ಬುಡವನ್ನೇ ಸವೆಸುತ್ತದೆ. ಮೆಕ್ಕೆಜೋಳದ ಒಕ್ಕಣೆಯ ದಿನಗಳಲ್ಲಿ ರಸ್ತೆಯೇ ಕಣವಾಗಿ, ರವದಿಯ ಹೊಟ್ಟು ಗಾಳಿಯಲ್ಲಿ ತೇಲುವ ಈ ಸೀಮೆಯಲ್ಲಿ, ಪಿಕಪ್ ಹೆಚ್ಚುತ್ತದೆಂದು ಗಾಳಿಯ ಫಿಲ್ಟರನ್ನು ಕಿತ್ತೆಸೆದು ಓಡಿಸುವ ರೂಢಿಗಿಂತ ದೊಡ್ಡ ಹಾನಿ ಯೆಜ್ಡಿಗೆ ಬೇರೊಂದಿಲ್ಲ. ಸುಗ್ಗಿಯ ಕಾಲದಲ್ಲಿ ಫಿಲ್ಟರನ್ನು ವಾರಕ್ಕೊಮ್ಮೆ ಬಿಚ್ಚಿ ಕೊಡವಿ ನೋಡುವುದು ಅತಿ ಎನಿಸದು.

ಕಿಕ್ಕರ್ ಎಷ್ಟು ಹೊಡೆದರೂ ಬೈಕು ಸ್ಟಾರ್ಟ್ ಆಗದಿದ್ದಾಗ ಹುಡುಕಬೇಕಾದ ಸಂಗತಿಗಳು ಮೂರೇ: ಕಿಡಿ ಬರುತ್ತಿದೆಯೇ, ಪೆಟ್ರೋಲ್ ಬರುತ್ತಿದೆಯೇ, ಒತ್ತಡ ನಿಲ್ಲುತ್ತಿದೆಯೇ. ಇವನ್ನು ಇದೇ ಕ್ರಮದಲ್ಲಿ ನೋಡುವುದಕ್ಕೆ ಕಾರಣವಿದೆ. ಮೊದಲನೆಯದಕ್ಕೆ ಒಂದು ಪ್ಲಗ್ ಪಾನಾ ಸಾಕು, ಎರಡನೆಯದಕ್ಕೆ ಸ್ಕ್ರೂ ಡ್ರೈವರ್ ಬೇಕು, ಮೂರನೆಯದಕ್ಕೆ ಎಂಜಿನ್ನಿನ ಹೆಡ್ಡು ಇಳಿಸುವ ಪ್ರಮೇಯ ಬರಬಹುದು. ಅನುಭವವಿಲ್ಲದವರು ಸಾಮಾನ್ಯವಾಗಿ ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ಹಾಗೆ ಮಾಡಿ ಅಲ್ಯೂಮಿನಿಯಮ್ಮಿನ ಮೆದುವಾದ ಮರೆಯನ್ನು ಕೆಡಿಸಿ, ಸ್ಕ್ರೂಗಳ ತಲೆ ಸವೆಸಿ, ಇಲ್ಲದ ಸೋರಿಕೆಯನ್ನು ಹುಟ್ಟಿಸುತ್ತಾರೆ. ಓಡಿ ಸವೆದ ಯೆಜ್ಡಿಗಳಿಗಿಂತ ಬಿಚ್ಚಿಸಿಕೊಂಡೇ ಕೆಟ್ಟ ಯೆಜ್ಡಿಗಳು ಹೆಚ್ಚೆಂದರೆ ತಪ್ಪಾಗಲಾರದು.

ಕಿಡಿಯನ್ನು ನೋಡುವ ಬಗೆ ಹೀಗೆ. ಪ್ಲಗ್ಗನ್ನು ಬಿಚ್ಚಿ, ವೈರಿನ ಟೊಪ್ಪಿಗೆಯನ್ನು ಅದಕ್ಕೆ ಮತ್ತೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಹೆಡ್ಡಿನ ರೆಕ್ಕೆಗಳಿಗೆ ತಾಗಿಸಿ ಹಿಡಿದು ಕಿಕ್ಕರ್ ಹೊಡೆದರೆ ತುದಿಯಲ್ಲಿ ನೀಲಿಯ ಗಟ್ಟಿ ಕಿಡಿ ಹಾರಬೇಕು. ಪ್ಲಗ್ ಬಿಚ್ಚಿದ ತೂತಿನಿಂದ ಪೆಟ್ರೋಲಿನ ಆವಿ ಹೊರಬರುವುದರಿಂದ ಪ್ಲಗ್ಗನ್ನು ಅದರಿಂದ ದೂರ ಹಿಡಿಯಬೇಕೆಂಬುದನ್ನು ಮರೆಯಬಾರದು. ಕಿಡಿ ಕೆಂಪಾಗಿ ಸಪ್ಪೆಯಾಗಿದ್ದರೆ ಅಥವಾ ಬಾರದೇ ಇದ್ದರೆ ಮೊದಲು ಬೇರೊಂದು ಪ್ಲಗ್ ಹಾಕಿ ನೋಡಿ, ಆಮೇಲೆ ಬಲಬದಿಯ ಮುಚ್ಚಳ ತೆಗೆಯಬೇಕು. ಅಲ್ಲಿ ಡೈನಮೋ, ಅಂದರೆ ವಿದ್ಯುತ್ತನ್ನು ಉತ್ಪಾದಿಸುವ ಚಕ್ರ, ಮತ್ತು ಅದರೊಡನೆ ಗ್ಯಾರೇಜಿನವರು ಸಿಬಿ ಪಾಯಿಂಟ್ ಎಂದು ಕರೆಯುವ ಪುಟ್ಟ ಜೋಡಿ ಇರುತ್ತದೆ. ಎಂಜಿನ್ನು ಒಂದು ಸುತ್ತು ತಿರುಗಿದಾಗಲೆಲ್ಲ ಈ ಎರಡು ಲೋಹದ ಬಿಂದುಗಳು ಒಮ್ಮೆ ಬಿಡಿಸಿಕೊಳ್ಳುತ್ತವೆ, ಬಿಡಿಸಿಕೊಂಡ ಆ ಕ್ಷಣದಲ್ಲೇ ಕಾಯಿಲಿನಲ್ಲಿ ಹೆಚ್ಚಿನ ವೋಲ್ಟೇಜ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ಬಿಂದುಗಳು ಪೂರ್ತಿ ಬಿಡಿಸಿಕೊಂಡಾಗ ನಡುವೆ 0.4 ಮಿ.ಮೀ. ಅಂತರ ಇರಬೇಕು. ಇದನ್ನು ಅಳೆಯುವ ಫೀಲರ್ ಗೇಜ್ ಕೈಗೆ ಸಿಗದಾಗ ಕ್ಷೌರದ ಬ್ಲೇಡು ನೆರವಿಗೆ ಬರುತ್ತದೆ. ಒಂದು ಬ್ಲೇಡಿನ ದಪ್ಪ ಸುಮಾರು 0.1 ಮಿ.ಮೀ. ಆದ್ದರಿಂದ ನಾಲ್ಕು ಬ್ಲೇಡುಗಳನ್ನು ಒತ್ತಾಗಿ ಹಿಡಿದು ತೂರಿಸಿದರೆ ಅವು ಬಿಗಿಯಾಗದೆ, ಸಡಿಲವೂ ಆಗದೆ, ಎರಡೂ ಬದಿ ಸವರಿಕೊಂಡು ಜಾರಬೇಕು. ಅಂತರ ಹೆಚ್ಚಾದರೆ ಬಿಂದುಗಳು ಬೇಗ ಬಿಡಿಸಿಕೊಂಡು ಕಿಡಿಯೂ ಮುಂಚಿತವಾಗಿ ಬರುವುದರಿಂದ, ಅಂತರವನ್ನು ಮುಟ್ಟಿದವರು ಟೈಮಿಂಗನ್ನೂ ಮತ್ತೆ ನೋಡಲೇಬೇಕು. ಕಪ್ಪುಗಟ್ಟಿದ ಬಿಂದುಗಳನ್ನು ಉಪ್ಪುಕಾಗದದಿಂದ ಉಜ್ಜುವವರು ಹೆಚ್ಚು, ಆದರೆ ಅದರ ಮರಳಿನ ಕಣ ಅಲ್ಲೇ ಸಿಕ್ಕಿಕೊಂಡು ಕಿಡಿಯನ್ನು ಕೆಡಿಸುತ್ತದೆ. ನಯವಾದ ಅರದಿಂದ ಒಂದೆರಡು ಸಲ ಎಳೆದು, ಕೊನೆಗೆ ದಪ್ಪ ಕಾಗದದ ಚೂರನ್ನು ನಡುವೆ ಸಿಕ್ಕಿಸಿ ಎಳೆದರೆ ಕಾಗದದ ಮೇಲೆ ಕರಿಗೆರೆ ಮೂಡುತ್ತದೆ. ಗೆರೆ ಮೂಡದಂತಾಗುವವರೆಗೆ ಹೊಸ ಚೂರು ಹಾಕಿ ಎಳೆಯಬೇಕು.

ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗಿ, ಐದಾರು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಕೆಮ್ಮಿ ನಿಲ್ಲುವ ಬೈಕಿನ ಕಾಯಿಲೆಯೇ ಬೇರೆ. ಇಲ್ಲಿ ಅನುಮಾನ ಹೋಗಬೇಕಾದ್ದು ಕಂಡೆನ್ಸರ್ ಮತ್ತು ಕಾಯಿಲಿನ ಮೇಲೆ. ಪಾಯಿಂಟುಗಳು ಬಿಡಿಸಿಕೊಳ್ಳುವಾಗ ಅಲ್ಲೇ ಕಿಡಿ ಹಾರದಂತೆ ತಡೆಯುವ ಪುಟ್ಟ ಡಬ್ಬಿಯೇ ಕಂಡೆನ್ಸರ್, ಅದು ಕೆಟ್ಟರೆ ಪಾಯಿಂಟಿನಲ್ಲಿ ಕಣ್ಣಿಗೆ ಕಾಣುವಷ್ಟು ಕಿಡಿ ಹಾರಿ ಬಿಂದುಗಳು ಸುಡುತ್ತವೆ. ಆದರೆ ಹೊಸ ಕಂಡೆನ್ಸರಿಗೆ ದುಡ್ಡು ಕೊಡುವ ಮುನ್ನ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನೊಮ್ಮೆ ನೋಡುವುದು ಜಾಣತನ. ಮುಚ್ಚಳದಲ್ಲಿ ಸೂಜಿಯ ಮೊನೆಯಷ್ಟು ಒಂದು ತೂತಿರುತ್ತದೆ, ಪೆಟ್ರೋಲ್ ಇಳಿದಂತೆಲ್ಲ ಅದರ ಮೂಲಕ ಗಾಳಿ ಒಳಸೇರಬೇಕು. ಸೊಕ್ಕೆಯ ಕೆಂಧೂಳು ಪೆಟ್ರೋಲಿನ ಜಿಡ್ಡಿನೊಡನೆ ಸೇರಿ ಆ ತೂತನ್ನು ಮೆತ್ತಿಬಿಟ್ಟರೆ, ಕೆಲವು ಕಿಲೋಮೀಟರ್ ಓಡುವಷ್ಟರಲ್ಲಿ ಟ್ಯಾಂಕಿನೊಳಗೆ ನಿರ್ವಾತ ಹುಟ್ಟಿ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ಸವಾರನು ಬೀಡಿ ಸೇದುವಷ್ಟು ಹೊತ್ತು ಕೂತು ಎದ್ದರೆ ಗಾಳಿ ನಿಧಾನವಾಗಿ ಜಿನುಗಿ ಬೈಕು ಮತ್ತೆ ಸ್ಟಾರ್ಟ್ ಆಗುತ್ತದೆ, ತಪ್ಪು ಕಂಡೆನ್ಸರಿನ ಮೇಲೆ ಬೀಳುತ್ತದೆ. ಬೈಕು ನಿಂತ ಕೂಡಲೇ ಮುಚ್ಚಳ ತೆರೆದಾಗ ಉಸ್ ಎಂಬ ಸದ್ದು ಬಂದರೆ ರೋಗ ಅಲ್ಲೇ ಇದೆ, ಒಂದು ಪಿನ್ನು ಚುಚ್ಚಿದರೆ ಗುಣವಾಗುತ್ತದೆ.

ಪೆಟ್ರೋಲಿನ ದಾರಿಯ ಬಹುಪಾಲು ತೊಂದರೆಗಳು ಬೈಕು ಓಡುವುದರಿಂದ ಬರುವುದಿಲ್ಲ, ನಿಲ್ಲಿಸಿ ಇಡುವುದರಿಂದ ಬರುತ್ತವೆ. ಟೂ ಸ್ಟ್ರೋಕಿನ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಹಳೆಯ ಜಾವಾಗಳಿಗೆ ರೂಢಿಯಲ್ಲಿರುವ 25ಕ್ಕೆ ಒಂದರ ಲೆಕ್ಕದಲ್ಲಿ ಒಂದು ಲೀಟರಿಗೆ 40 ಮಿ.ಲೀ., ಐದು ಲೀಟರಿಗೆ 200 ಮಿ.ಲೀ. ಬೀಳುತ್ತದೆ, ಮತ್ತು ಎಣ್ಣೆ ಸುರಿದ ಮೇಲೆ ಬೈಕನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸುವ ಪೆಟ್ರೋಲ್ ಬಂಕಿನ ಹಳೆಯ ದೃಶ್ಯಕ್ಕೆ ಅದು ಬುಡದಲ್ಲೇ ಕೂರದಂತೆ ನೋಡಿಕೊಳ್ಳುವುದೇ ಕಾರಣ. ಬೈಕು ತಿಂಗಳುಗಟ್ಟಲೆ ನಿಂತರೆ ಕಾರ್ಬೋರೇಟರಿನ ಬಟ್ಟಲಿನಲ್ಲಿರುವ ಪೆಟ್ರೋಲ್ ಆರಿಹೋಗಿ, ಉಳಿದ ಎಣ್ಣೆ ಅಂಟಾಗಿ, ಜೆಟ್ ಎಂಬ ಸಣ್ಣ ರಂಧ್ರವನ್ನು ಮುಚ್ಚುತ್ತದೆ. ಈಗ ಮಾರುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಬೆರೆತಿರುವುದರಿಂದ ತೊಂದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಆ ನೀರು ಟ್ಯಾಂಕಿನ ಬುಡ ಸೇರಿ ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ, ಹಳೆಯ ಕಾಲದ ರಬ್ಬರಿನ ಪೈಪು ಮತ್ತು ವಾಷರುಗಳು ಊದಿಕೊಂಡು ಮೆತ್ತಗಾಗುತ್ತವೆ. ಆದಕಾರಣ ಬೈಕನ್ನು ಬಹಳ ದಿನ ನಿಲ್ಲಿಸುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ನು ತಾನಾಗಿ ಆರುವವರೆಗೆ ಓಡಿಸಿ ಬಟ್ಟಲನ್ನು ಬರಿದು ಮಾಡುವುದು ಕ್ರಮ. ಕಟ್ಟಿಕೊಂಡ ಜೆಟ್ಟಿಗೆ ಕಬ್ಬಿಣದ ತಂತಿ ತೂರಿಸಬಾರದು. ಹಿತ್ತಾಳೆಯ ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಪೆಟ್ರೋಲಿನ ಅಳತೆ ಶಾಶ್ವತವಾಗಿ ತಪ್ಪುತ್ತದೆ. ಪೆಟ್ರೋಲಿನಲ್ಲಿ ನೆನೆಸಿ, ಸೈಕಲ್ ಪಂಪಿನಿಂದ ಊದಿ, ಬೆಳಕಿಗೆ ಹಿಡಿದು ನೋಡಿದಾಗ ಆಚೆಯ ಬೆಳಕು ದುಂಡಗೆ ಕಂಡರೆ ಸಾಕು.

ಟೂ ಸ್ಟ್ರೋಕಿನ ಒತ್ತಡದ ವಿಷಯ ನಾಲ್ಕು ಸ್ಟ್ರೋಕಿನವುಗಳಲ್ಲಿ ಪಳಗಿದ ಮೆಕ್ಯಾನಿಕರನ್ನೂ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ, ಏಕೆಂದರೆ ಇಲ್ಲಿ ಒತ್ತಡ ನಿಲ್ಲಬೇಕಾದ ಕೋಣೆಗಳು ಎರಡು. ಪಿಸ್ಟನ್ನಿನ ಮೇಲಿನದು ಎಲ್ಲರಿಗೂ ಗೊತ್ತು. ರಿಂಗ್ ಸವೆದರೆ ಕಿಕ್ಕರ್ ಹಗುರವಾಗಿ ಇಳಿಯುತ್ತದೆ. ಕೆಳಗಿನ ಕ್ರ್ಯಾಂಕ್ ಕೋಣೆಯೂ ಗಾಳಿಯಾಡದಂತೆ ಮುಚ್ಚಿರಬೇಕು, ಅದರ ಎರಡು ಬದಿಯಲ್ಲೂ ತಿರುಗುವ ದಂಡವನ್ನು ಸುತ್ತುವರಿದ ರಬ್ಬರಿನ ಆಯಿಲ್ ಸೀಲುಗಳಿವೆ. ಎಡಬದಿಯ ಸೀಲು ಹರಿದರೆ ಅದರಾಚೆಯ ಕ್ಲಚ್ ಮತ್ತು ಗೇರ್‌ಬಾಕ್ಸಿನ ಎಣ್ಣೆಯನ್ನು ಎಂಜಿನ್ನು ಸೇದಿಕೊಂಡು ಸುಡುತ್ತದೆ; ಬೈಕು ಮುಂದೆ ಹೋದಂತೆ ಹಿಂದೆ ಬಿಳಿಯ ಹೊಗೆಯ ಗೋಡೆ ಏಳುತ್ತದೆ, ಪೆಟ್ರೋಲಿಗೆ ಎಣ್ಣೆ ಕಡಿಮೆ ಮಾಡಿದರೂ ಹೊಗೆ ಕಡಿಮೆಯಾಗುವುದಿಲ್ಲ, ಗೇರ್‌ಬಾಕ್ಸಿನ ಎಣ್ಣೆ ಮಾತ್ರ ದಿನದಿನಕ್ಕೆ ಇಳಿಯುತ್ತದೆ. ಡೈನಮೋ ಇರುವ ಬಲಬದಿಯ ಸೀಲು ಹರಿದರೆ ಲಕ್ಷಣ ತದ್ವಿರುದ್ಧ: ಎಣ್ಣೆಯ ಬದಲು ಹೊರಗಿನ ಗಾಳಿ ಸೇರಿ ಮಿಶ್ರಣ ತೆಳುವಾಗುತ್ತದೆ, ಆಕ್ಸಲರೇಟರ್ ಬಿಟ್ಟರೂ ಎಂಜಿನ್ನಿನ ಸದ್ದು ಇಳಿಯುವುದಿಲ್ಲ, ಪಿಸ್ಟನ್ ಅತಿಯಾಗಿ ಕಾದು ಬೋರಿಗೆ ಕಚ್ಚಿಕೊಳ್ಳುತ್ತದೆ. ಗ್ಯಾರೇಜಿನ ಮಾತಿನಲ್ಲಿ ಇದೇ ಸೀಜ್ ಆಗುವುದು. ಹೊಗೆಯುಗುಳುವ ಬೈಕು ನೋಡುವವರಿಗೆ ಅಂಜಿಕೆ ತರಿಸಿದರೂ ನಿಜವಾಗಿ ಅಪಾಯಕಾರಿಯಾದದ್ದು ಹೊಗೆಯಿಲ್ಲದೆ ತಾನಾಗಿ ರೇಸಾಗುವ ಈ ಎರಡನೆಯ ಬೈಕು. ಕಾರ್ಬೋರೇಟರ್ ಎಂಜಿನ್ನಿಗೆ ಸೇರುವ ಕಡೆ ಪ್ಯಾಕಿಂಗ್ ಹರಿದರೂ ಇದೇ ಲಕ್ಷಣ ಕಾಣಿಸುವುದರಿಂದ, ಎಂಜಿನ್ನು ಓಡುತ್ತಿರುವಾಗ ಆ ಸಂದಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಸದ್ದು ಬದಲಾಗುತ್ತದೆಯೇ ಎಂದು ಮೊದಲು ಕೇಳಿಸಿಕೊಳ್ಳುವುದು ಒಳ್ಳೆಯದು.

ಎಣ್ಣೆ ಉರಿದ ಎಂಜಿನ್ನಿನಲ್ಲಿ ಕಿಟ್ಟ ಕಟ್ಟುವುದು ಸಹಜ. ಹೊಗೆಯ ಕಿಂಡಿಯಲ್ಲೂ ಸೈಲೆನ್ಸರಿನ ಒಳಗೊಳವೆಯಲ್ಲೂ ಕರಿ ಗಟ್ಟಿಯಾದಾಗ ಬೈಕು ಏರಿನಲ್ಲಿ ಮೈಗಳ್ಳತನ ಮಾಡುತ್ತದೆ. ಒಳಗೊಳವೆಯನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ನೆನೆಸಿ ತೊಳೆಯಬಹುದು, ಆದರೆ ಅದೇ ನೀರಿಗೆ ಪಿಸ್ಟನ್ನನ್ನೋ ಹೆಡ್ಡನ್ನೋ ಹಾಕಿದರೆ ಅಲ್ಯೂಮಿನಿಯಂ ಕಣ್ಣೆದುರೇ ನೊರೆಯೆದ್ದು ಕರಗುತ್ತದೆ. ಅವುಗಳಿಗೆ ಬಿದಿರಿನ ಸೀಳೇ ಯೋಗ್ಯವಾದ ಹತಾರ.

ವಿದ್ಯುತ್ತಿನ ತಕರಾರುಗಳಲ್ಲಿ ಹಳೆಯ ಜಾವಾಗಳ 6 ವೋಲ್ಟಿನ ವ್ಯವಸ್ಥೆಗೆ ಅಪಖ್ಯಾತಿ ಹೆಚ್ಚು, ಆದರೆ ಅದರ ಅರ್ಧ ಪಾಲು ತುಕ್ಕಿಗೆ ಸಲ್ಲಬೇಕಾದದ್ದು. ಮೂವತ್ತು ವ್ಯಾಟಿನ ಬಲ್ಬಿಗೆ 12 ವೋಲ್ಟಿನಲ್ಲಿ ಎರಡೂವರೆ ಆಂಪಿಯರ್ ಸಾಕಾದರೆ 6 ವೋಲ್ಟಿನಲ್ಲಿ ಐದು ಆಂಪಿಯರ್ ಹರಿಯಬೇಕು. ಹರಿವು ಎರಡರಷ್ಟಾದ್ದರಿಂದ ಅದೇ ತುಕ್ಕು ಎರಡರಷ್ಟು ವೋಲ್ಟೇಜನ್ನು ನುಂಗುತ್ತದೆ, ನುಂಗಿಸಿಕೊಳ್ಳಲು ಇರುವ ವೋಲ್ಟೇಜೋ ಅರ್ಧ ಮಾತ್ರ. ಬ್ಯಾಟರಿಯಿಂದ ಚಾಸಿಗೆ ಬರುವ ಅರ್ತ್ ವೈರನ್ನು ಬಿಚ್ಚಿ, ಬಣ್ಣ ಕೆರೆದು, ಲೋಹ ಹೊಳೆಯುವಂತೆ ಮಾಡಿ ಮತ್ತೆ ಬಿಗಿದರೆ ಚಿಮಣಿ ದೀಪದಂತಿದ್ದ ಹೆಡ್‌ಲೈಟ್ ಎಚ್ಚರಗೊಳ್ಳುವುದುಂಟು.

ಬಿಡಿಭಾಗಗಳ ಮಾತಿಗೆ ಬಂದರೆ, 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮತ್ತೆ ಮಾರುಕಟ್ಟೆಗೆ ಬಂದಿರುವುದರಿಂದ ಹೊಸ ಶೋರೂಮಿನಲ್ಲಿ ಹಳೆಯ ಬೈಕಿನ ಸಾಮಾನು ಸಿಗಬಹುದೆಂಬ ತಪ್ಪು ತಿಳಿವಳಿಕೆ ಹಳ್ಳಿಗಳಲ್ಲಿ ಸಹಜ. ಹೊಸವು ನೀರಿನಿಂದ ತಂಪಾಗುವ ನಾಲ್ಕು ಸ್ಟ್ರೋಕಿನ ಎಂಜಿನ್ನುಗಳು, ಹಳೆಯ ಎಂಜಿನ್ನಿನೊಡನೆ ಅವುಗಳಿಗೆ ಹೆಸರಿನ ನಂಟಷ್ಟೇ. ಹಳೆಯದರ ಸಾಮಾನಿಗೆ ದಾವಣಗೆರೆಯ ಆಟೊಮೊಬೈಲ್ ಅಂಗಡಿಗಳನ್ನು ವಿಚಾರಿಸಿ, ಅಲ್ಲಿ ಸಿಗದ್ದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಅಥವಾ ಮೈಸೂರನ್ನು ಹುಡುಕುವುದು ರೂಢಿ. ನಕಲಿ ಪಾಯಿಂಟು ಮತ್ತು ಸೀಲುಗಳು ಹೇರಳವಾದ್ದರಿಂದ ಕಿತ್ತ ಹಳೆಯದನ್ನು ಎಸೆಯದೆ ಜೇಬಿನಲ್ಲಿ ಒಯ್ದು, ಅಂಗಡಿಯಲ್ಲೇ ಅಳತೆಗೆ ಹಿಡಿದು ನೋಡುವುದು ಉತ್ತಮ. ಕಾಗದಪತ್ರಗಳೂ ಬಿಡಿಭಾಗಗಳಷ್ಟೇ ಮುಖ್ಯ: ಕಾರ್ಖಾನೆ ಮುಚ್ಚಿದಾಗ ಜಗಳೂರು ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಹೀಗಾಗಿ ಅಜ್ಜನ ಹೆಸರಿನಲ್ಲೇ ಉಳಿದ ಇಂಥ ಬೈಕುಗಳ ಆರ್‌ಸಿ ಪುಸ್ತಕದಲ್ಲಿ ಚಿತ್ರದುರ್ಗದ ಮೊಹರು ಇದ್ದರೆ ಆಶ್ಚರ್ಯವಿಲ್ಲ. ಹದಿನೈದು ವರ್ಷ ಮೀರಿದ ಬೈಕಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಐವತ್ತು ವರ್ಷ ದಾಟಿದ ಜಾವಾಗಳಿಗೆ 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿಯ ಅವಕಾಶವಿದ್ದರೂ, ಹಾಗೆ ನೋಂದಾಯಿಸಿದ ಬೈಕನ್ನು ದಿನಬಳಕೆಗೆ ಓಡಿಸುವಂತಿಲ್ಲ ಎಂಬುದನ್ನು ಹೊಲಕ್ಕೂ ಸಂತೆಗೂ ಅದನ್ನೇ ನೆಚ್ಚಿದವರು ಮೊದಲೇ ಯೋಚಿಸಬೇಕು.

ಎಲ್ಲ ಹೊಂದಿಸಿ ಮುಗಿದ ಮೇಲೆ ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಯಾವ ಯಂತ್ರವೂ ಬೇಕಿಲ್ಲ. ಸೊಕ್ಕೆಯಿಂದ ಜಗಳೂರಿನ ಕಡೆಗೆ ಬೈಕನ್ನು ಓಡಿಸಿ, ಎಂಜಿನ್ನು ಚೆನ್ನಾಗಿ ಕಾದ ಮೇಲೆ, ಮುಂದೆ ಹಿಂದೆ ವಾಹನಗಳಿಲ್ಲದ ನೇರ ರಸ್ತೆಯಲ್ಲಿ ವೇಗವಾಗಿ ಸಾಗುತ್ತಿರುವಾಗಲೇ ಕ್ಲಚ್ ಹಿಡಿದು ಕೀಲಿ ಆರಿಸಿ, ಎಂಜಿನ್ನು ನಿಧಾನದಲ್ಲಿ ಓಡಲು ಬಿಡದೆ ಹಾಗೇ ಬದಿಗೆ ತಂದು ನಿಲ್ಲಿಸಬೇಕು. ಕೈ ಸುಡದಂತೆ ಬಟ್ಟೆ ಹಿಡಿದು ಪ್ಲಗ್ಗನ್ನು ಬಿಚ್ಚಿ ನಡುವಿನ ಪಿಂಗಾಣಿಯನ್ನು ನೋಡಿದರೆ, ಒದ್ದೆಯಾದ ಕರಿ ಮಸಿ ಇದ್ದಲ್ಲಿ ಪೆಟ್ರೋಲೋ ಎಣ್ಣೆಯೋ ಹೆಚ್ಚಾಗಿದೆ. ಸುಣ್ಣದಂತೆ ಬೆಳ್ಳಗಿದ್ದಲ್ಲಿ ಎಲ್ಲಿಂದಲೋ ಗಾಳಿ ಸೇರುತ್ತಿದೆ ಅಥವಾ ಜೆಟ್ ಕಟ್ಟಿದೆ, ಅಂಥ ಬೈಕನ್ನು ಮನೆಗೆ ಮೆಲ್ಲಗೆ ತರಬೇಕು. ಹುರಿದ ಕಾಫಿ ಬೀಜದ ಕಂದು ಬಣ್ಣ ಕಂಡರೆ ಪ್ಲಗ್ಗನ್ನು ಮತ್ತೆ ಕೂರಿಸಿ, ಟೊಪ್ಪಿಗೆ ಸಿಕ್ಕಿಸಿ, ಜಗಳೂರಿಗೆ ಹೋಗಿ ಬರಬಹುದು.